ಇನ್ನೂರು ವರ್ಷ ಮೂಕವಾಗಿದ್ದ ಪಿಟೀಲು

1926ನೇ ಇಸವಿ. ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಬೋರ್ಗೊ ಸಾನ್ ಮಾರ್ತಿನೊ ಎಂಬ ಸಣ್ಣ ಊರಿನಲ್ಲಿ ಸಲೇಷಿಯನ್ ಪಾದ್ರಿಗಳು ನಡೆಸುತ್ತಿದ್ದ ಶಾಲೆಯೊಂದರ ಕಟ್ಟಡ ದುರಸ್ತಿಗೆ ಬಂದಿತ್ತು. ಕೈಯಲ್ಲಿ ಕಾಸಿರಲಿಲ್ಲ. ಆದರೆ ಶಾಲೆಯ ಬಳಿ ಕೆಲವೇ ವರ್ಷಗಳ ಹಿಂದೆ ಶ್ರೀಮಂತ ಮನೆತನದವರೊಬ್ಬರು ಉಯಿಲಿನ ಮೂಲಕ ಬಿಟ್ಟುಹೋಗಿದ್ದ ಹಳೆಯ ಸಂಗೀತದ ಹಸ್ತಪ್ರತಿಗಳ ರಾಶಿ ಇತ್ತು. ಓದುವವರಿಲ್ಲ, ನುಡಿಸುವವರಿಲ್ಲ. ಮಾರಿದರೆ ನಾಲ್ಕು ಕಾಸು ಬಂದೀತು ಎಂದುಕೊಂಡ ಶಾಲೆಯ ಮುಖ್ಯಸ್ಥರು ಬೆಲೆ ಕಟ್ಟಿಕೊಡುವಂತೆ ಟ್ಯೂರಿನ್ ನಗರದ ರಾಷ್ಟ್ರೀಯ ಗ್ರಂಥಾಲಯಕ್ಕೆ ಬರೆದರು. ಗ್ರಂಥಾಲಯದ ನಿರ್ದೇಶಕ ಲೂಯಿಜಿ ತೊರ್ರಿ ಆ ಕೆಲಸವನ್ನು ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಇತಿಹಾಸ ಬೋಧಿಸುತ್ತಿದ್ದ ಅಲ್ಬೆರ್ತೊ ಜೆಂತಿಲಿ ಅವರಿಗೆ ಒಪ್ಪಿಸಿದರು.

ಅಲ್ಲಿದ್ದುದು ಒಟ್ಟು 97 ಸಂಪುಟಗಳು. ಬಿಚ್ಚಿ ನೋಡಿದ ಜೆಂತಿಲಿ ದಂಗಾದರು. ಅವುಗಳಲ್ಲಿ 14 ಸಂಪುಟಗಳು ಒಬ್ಬನೇ ಸಂಗೀತಗಾರನವು. ಹೆಸರು ಅಂತೋನಿಯೊ ವಿವಾಲ್ಡಿ. ಬಹುಪಾಲು ಆತನ ಕೈಬರಹದಲ್ಲೇ ಇದ್ದವು. ಯಾರೂ ಕೇಳಿರದ ಕನ್ಸರ್ಟೊಗಳು, ಗೀತನಾಟಕಗಳು, ಚರ್ಚಿನ ಗಾಯನಗಳು.

ಇಂದು ದೂರವಾಣಿಯಲ್ಲಿ ಕಾಯುವಾಗ, ಹೋಟೆಲಿನ ಲಿಫ್ಟಿನಲ್ಲಿ, ಜಾಹೀರಾತುಗಳಲ್ಲಿ ವಿವಾಲ್ಡಿಯ ‘ನಾಲ್ಕು ಋತುಗಳು’ ಕೃತಿಯ ಒಂದು ತುಣುಕು ಕಿವಿಗೆ ಬೀಳದವರು ವಿರಳ. ಬಾಖ್, ಹ್ಯಾಂಡೆಲ್ ಜೊತೆಗೆ ಆತನ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಆದರೆ 1926ರಲ್ಲಿ ಆತ ವಿದ್ವಾಂಸರ ಅಡಿಟಿಪ್ಪಣಿಗಳಲ್ಲಷ್ಟೇ ಬದುಕಿದ್ದ. ಯುರೋಪಿನ ತುಂಬ ಹೆಸರು ಮಾಡಿದ್ದ ಒಬ್ಬ ಕಲಾವಿದ ಹೀಗೆ ಪೂರ್ತಿಯಾಗಿ ಮರೆತುಹೋಗಲು ಸಾಧ್ಯವೇ?

ಸಾಧ್ಯ, ಮತ್ತು ಅಂದಿನ ಯುರೋಪಿನಲ್ಲಿ ಅದು ವಿಚಿತ್ರವೂ ಆಗಿರಲಿಲ್ಲ. ಬರೆದಿಟ್ಟ ಸಂಗೀತ ಉಳಿಯುತ್ತದೆ ಎಂಬ ನಮ್ಮ ನಂಬಿಕೆ ಅರ್ಧ ಮಾತ್ರ ನಿಜ. 11ನೇ ಶತಮಾನದಲ್ಲಿ ಅರೆತ್ಸೊ ನಗರದ ಸನ್ಯಾಸಿ ಗ್ವೀದೊ ಗೆರೆಗಳ ಮೇಲೆ ಸ್ವರಗಳನ್ನು ಕೂರಿಸುವ ಕ್ರಮವನ್ನು ಬಳಕೆಗೆ ತಂದ. ನಮ್ಮ ಸರಿಗಮದಂತೆ ಸ್ವರಗಳಿಗೆ ‘ಉತ್, ರೆ, ಮಿ, ಫ, ಸೊಲ್, ಲ’ ಎಂಬ ಹೆಸರುಗಳು ಬಂದದ್ದೂ ಅವನಿಂದಲೇ. 1501ರಲ್ಲಿ ವೆನಿಸ್‌ನಲ್ಲಿ ಪೆತ್ರೂಚಿ ಎಂಬಾತ ಬಹುಧ್ವನಿ ಸಂಗೀತವನ್ನು ಅಚ್ಚಿನ ಮೊಳೆಗಳಿಂದ ಮುದ್ರಿಸಿ ತೋರಿಸಿದ. ಇಷ್ಟೆಲ್ಲ ಆದರೂ ಒಂದು ತಲೆಮಾರು ಕಳೆದ ಮೇಲೆ ಹಿಂದಿನವರ ಸಂಗೀತವನ್ನು ನುಡಿಸುವ ಪದ್ಧತಿ ಹೆಚ್ಚಾಗಿ ಇರಲಿಲ್ಲ. ಚರ್ಚಿನೊಳಗಿನ ಪುರಾತನ ಪ್ರಾರ್ಥನಾ ಗಾಯನವನ್ನು ಪೂಜಾಕ್ರಮವೇ ಕಾಪಾಡಿತು. 16ನೇ ಶತಮಾನದ ಪಾಲೆಸ್ತ್ರೀನನ ಕೃತಿಗಳನ್ನು ರೋಮಿನ ಪೋಪರ ಗಾಯಕವೃಂದ ಬಿಡದೆ ಹಾಡುತ್ತ ಬಂತು. ನಾಟಕಶಾಲೆಯ ಮತ್ತು ಕಚೇರಿಯ ಸಂಗೀತಕ್ಕೆ ಅಂಥ ಆಸರೆ ಇರಲಿಲ್ಲ. ಜನರಿಗೆ ಬೇಕಾದದ್ದು ಈ ವರ್ಷದ ಹೊಸತು. ಹೋದ ವರ್ಷದ್ದು ಅಟ್ಟಕ್ಕೆ.

ಆ ಹೊಸತನದ ಗೀಳಿಗೆ ವೆನಿಸ್‌ನಷ್ಟು ತಕ್ಕ ಊರು ಇನ್ನೊಂದಿಲ್ಲ. ಟಿಕೆಟ್ ಕೊಂಡು ಯಾರು ಬೇಕಾದರೂ ಒಳಹೋಗಬಹುದಾದ ಮೊದಲ ಗೀತನಾಟಕ ಮಂದಿರ 1637ರಲ್ಲಿ ತೆರೆದದ್ದು ಅಲ್ಲೇ. ವಿವಾಲ್ಡಿ ಹುಟ್ಟಿದ್ದೂ ಅಲ್ಲೇ, 1678ರ ಮಾರ್ಚ್ 4ರಂದು. ತಂದೆ ಮೊದಲು ಕ್ಷೌರಿಕ, ಆಮೇಲೆ ಸಂತ ಮಾರ್ಕನ ಚರ್ಚಿನಲ್ಲಿ ಪಿಟೀಲುವಾದಕ. ಮಗ ಪಿಟೀಲನ್ನೂ ಕಲಿತ, ಪಾದ್ರಿಯಾಗುವ ಓದನ್ನೂ ಓದಿದ. 1703ರಲ್ಲಿ ದೀಕ್ಷೆಯಾಯಿತು. ತಲೆಗೂದಲು ಕೆಂಪಗಿದ್ದುದರಿಂದ ಊರವರು ಇಟ್ಟ ಹೆಸರು ‘ಕೆಂಪು ಪಾದ್ರಿ’. ಈ ಪಾದ್ರಿ ಸ್ವಲ್ಪ ಕಾಲದಲ್ಲೇ ಪೂಜೆ ಸಲ್ಲಿಸುವುದನ್ನು ನಿಲ್ಲಿಸಿಬಿಟ್ಟ. ಎದೆಬಿಗಿತ, ಉಸಿರಾಟದ ತೊಂದರೆ ಎಂಬುದು ಆತನೇ ಕೊಟ್ಟ ಕಾರಣ. ಪೂಜೆಯ ನಡುವೆ ರಾಗವೊಂದು ಹೊಳೆದು, ಅದನ್ನು ಬರೆದಿಡಲು ಒಳಕೋಣೆಗೆ ಓಡಿದ್ದರಿಂದ ಆತನನ್ನು ಪೂಜೆಯಿಂದ ಬಿಡಿಸಿದರು ಎಂಬ ಕಥೆಯೂ ಪ್ರಚಲಿತವಾಗಿದೆ. ಕಥೆ ಚೆನ್ನಾಗಿದೆ, ಆಧಾರವಿಲ್ಲ.

ದೀಕ್ಷೆಯಾದ ವರ್ಷವೇ ಆತನಿಗೆ ಸಿಕ್ಕ ಕೆಲಸ ಮಾತ್ರ ಕಥೆಗಿಂತ ಸ್ವಾರಸ್ಯವಾದದ್ದು. ವೆನಿಸ್‌ನಲ್ಲಿ ಪಿಯೆತಾ ಎಂಬ ಅನಾಥಾಲಯವಿತ್ತು. 14ನೇ ಶತಮಾನದಲ್ಲಿ ಸ್ಥಾಪನೆಯಾದದ್ದು. ಬಡತನಕ್ಕೋ ಅಪವಾದಕ್ಕೋ ಅಂಜಿ ಹೆತ್ತವರು ತಂದುಬಿಟ್ಟ ಹಸುಗೂಸುಗಳು ಅಲ್ಲಿ ಬೆಳೆಯುತ್ತಿದ್ದವು. ಸಾಕುವ ಶಕ್ತಿಯಿದ್ದೂ ಮಗುವನ್ನು ಬಿಟ್ಟುಹೋಗುವವರಿಗೆ ಶಾಪ ಹಾಕುವ, 1548ರ ಶಿಲಾಫಲಕವೊಂದು ಅಲ್ಲಿನ ಗೋಡೆಯ ಮೇಲೆ ಇಂದಿಗೂ ಇದೆ. ಇಂಥ ಸಂಸ್ಥೆಯ ಹೆಣ್ಣುಮಕ್ಕಳಲ್ಲಿ ಆಯ್ದ ಕೆಲವರಿಗೆ ಸಂಗೀತ ಕಲಿಸಲಾಗುತ್ತಿತ್ತು. ಅವರು ಮೇಲಿನ ಮೊಗಸಾಲೆಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ನಿಂತು ಹಾಡುತ್ತಿದ್ದರು, ನುಡಿಸುತ್ತಿದ್ದರು. ಕೇಳುವವರಿಗೆ ಮುಖ ಕಾಣದು, ನಾದವಷ್ಟೇ. ದೇಶದೇಶಗಳಿಂದ ಪ್ರವಾಸಿಗಳು ಅದನ್ನು ಕೇಳಲೆಂದೇ ಬರುತ್ತಿದ್ದರು, ಅವರ ಕಾಣಿಕೆಯಿಂದ ಅನಾಥಾಲಯದ ಖರ್ಚಿಗೂ ಒಂದಿಷ್ಟು ಒದಗುತ್ತಿತ್ತು.

ಈ ಹುಡುಗಿಯರಿಗೆ ಮನೆತನದ ಹೆಸರಿರಲಿಲ್ಲ. ಆ ಜಾಗದಲ್ಲಿ ವಾದ್ಯದ ಹೆಸರೇ ಸೇರಿಕೊಂಡಿತು. ಆನಾ ಮರಿಯಾ ಎಂಬಾಕೆ ದಾಖಲೆಗಳಲ್ಲಿ ‘ಪಿಟೀಲಿನ ಆನಾ ಮರಿಯಾ’. ಆಕೆಗೆಂದೇ ವಿವಾಲ್ಡಿ ಬರೆದ ಕನ್ಸರ್ಟೊಗಳು ಇಪ್ಪತ್ತಕ್ಕೂ ಹೆಚ್ಚು. ಅವುಗಳ ಕಷ್ಟವನ್ನು ನೋಡಿದರೆ ಆಕೆಯ ಬೆರಳುಗಳ ಚಳಕ ಎಂಥದಿದ್ದೀತು ಎಂದು ಊಹಿಸಬಹುದು. ಮುಂದೆ ಆಕೆ ಅಲ್ಲೇ ಗುರುವಾದಳು. ಮದುವೆಯಾಗಿ ಹೊರಹೋಗುವವರು ಮಾತ್ರ ಸಾರ್ವಜನಿಕವಾಗಿ ನುಡಿಸುವುದಿಲ್ಲವೆಂದು ಮಾತು ಕೊಡಬೇಕಾಗಿತ್ತು. ಯುರೋಪಿನ ಶ್ರೇಷ್ಠ ವಾದ್ಯವೃಂದಗಳಲ್ಲಿ ಒಂದು ಎಂದು ಹೊಗಳಿಸಿಕೊಂಡ ಈ ಮೇಳದ ಕಲಾವಿದೆಯರ ಹೆಸರುಗಳನ್ನು ಸಂಗೀತದ ಇತಿಹಾಸ ತೀರ ಇತ್ತೀಚಿನವರೆಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. (ಇಂದು ಅಲ್ಲಿಗೆ ಹೋಗುವ ಪ್ರವಾಸಿಗಳಿಗೆ ‘ವಿವಾಲ್ಡಿಯ ಚರ್ಚು’ ಎಂದು ತೋರಿಸುವ ಕಟ್ಟಡ ಎದ್ದದ್ದು ಆತ ಸತ್ತ ಮೇಲೆ!)

ವಿವಾಲ್ಡಿಯ ಬರವಣಿಗೆ ಹೊಳೆಯಂತೆ ಹರಿಯಿತು. ನಕಲುಗಾರ ಪ್ರತಿ ಮಾಡುವುದಕ್ಕಿಂತ ಬೇಗ ತಾನು ಹೊಸ ಕನ್ಸರ್ಟೊ ರಚಿಸಬಲ್ಲೆ ಎಂದು ಆತ ಫ್ರೆಂಚ್ ಪ್ರವಾಸಿಯೊಬ್ಬನ ಮುಂದೆ ಕೊಚ್ಚಿಕೊಂಡಿದ್ದುಂಟು. ಒಬ್ಬ ಅಥವಾ ಕೆಲವು ವಾದಕರು ಒಂದು ಕಡೆ, ಇಡೀ ಮೇಳ ಇನ್ನೊಂದು ಕಡೆ ನಿಂತು ಸವಾಲು ಜವಾಬಿನಂತೆ ನಡೆಸುವ ರಚನೆಯೇ ಕನ್ಸರ್ಟೊ. ವೇಗ, ನಿಧಾನ, ಮತ್ತೆ ವೇಗ ಎಂಬ ಮೂರು ಭಾಗಗಳ ಚೌಕಟ್ಟು ಅದಕ್ಕೆ ಗಟ್ಟಿಯಾದದ್ದು ವಿವಾಲ್ಡಿಯ ಕೈಯಲ್ಲಿ. ಇಂಥವನ್ನು ಆತ ಸುಮಾರು 500 ಬರೆದಿದ್ದಾನೆ. ಒಂದೇ ಕನ್ಸರ್ಟೊವನ್ನು ನೂರಾರು ಸಲ ಬರೆದ ಎಂಬ ಕುಹಕ ಸಂಗೀತಗಾರರಲ್ಲಿ ಇದೆ. ಹತ್ತಿಪ್ಪತ್ತನ್ನು ಒಟ್ಟಿಗೆ ಕೇಳಿದರೆ ಆ ಕುಹಕದಲ್ಲಿ ತುಸು ಹುರುಳಿದೆ ಅನ್ನಿಸುವುದೂ ನಿಜ. ಆದರೆ ಬಸೂನಿನಂಥ ಹಿಂದಿನ ಸಾಲಿನ ವಾದ್ಯಕ್ಕೆ ಆತ ಬರೆದ ಮೂವತ್ತಕ್ಕೂ ಮಿಕ್ಕಿದ ಕನ್ಸರ್ಟೊಗಳನ್ನು ಕೇಳಿದವರು ಆ ಮಾತನ್ನು ಆಡಲಾರರು.

1711ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆತನ 12 ಕನ್ಸರ್ಟೊಗಳ ಸಂಗ್ರಹ ಅಚ್ಚಾಯಿತು. ಅದರ ಪ್ರತಿಗಳು ಜರ್ಮನಿಗೂ ಹೋದವು. ವೈಮಾರ್ ಎಂಬ ಸಣ್ಣ ಸಂಸ್ಥಾನದಲ್ಲಿ ಆರ್ಗನ್ ನುಡಿಸುತ್ತಿದ್ದ ತರುಣ ಯೊಹಾನ್ ಸೆಬಾಸ್ಟಿಯನ್ ಬಾಖ್ ವಿವಾಲ್ಡಿಯ ಹಲವು ಕನ್ಸರ್ಟೊಗಳನ್ನು ತನ್ನ ವಾದ್ಯಕ್ಕೆ ಹೊಂದಿಸಿ ಬರೆದುಕೊಂಡ. ಇಬ್ಬರೂ ಎಂದೂ ಭೇಟಿಯಾಗಲಿಲ್ಲ. 1725ರಲ್ಲಿ ಅದೇ ಊರಿನಲ್ಲಿ ‘ನಾಲ್ಕು ಋತುಗಳು’ ಇರುವ ಸಂಗ್ರಹ ಪ್ರಕಟವಾಯಿತು. ಪ್ರತಿ ಋತುವಿಗೂ ಒಂದು ಪದ್ಯ. ಹಕ್ಕಿಯ ಕೂಗು, ಬೊಗಳುವ ನಾಯಿ, ಬೇಸಿಗೆಯ ಗುಡುಗು, ಮಂಜಿನ ಮೇಲೆ ಜಾರುವ ಕಾಲು ಎಲ್ಲವೂ ಸ್ವರದಲ್ಲಿ. ಫ್ರಾನ್ಸಿನ ದೊರೆ 15ನೇ ಲೂಯಿಗೆ ‘ವಸಂತ’ವೆಂದರೆ ಬಹಳ ಇಷ್ಟವಾಗಿತ್ತು.

ಹೀಗೆ ಮೆರೆದವನ ಇಳಿಗಾಲ ಬೇಗ ಬಂತು. 1730ರ ದಶಕದಲ್ಲಿ ನೇಪಲ್ಸ್ ಕಡೆಯ ಹೊಸ ಶೈಲಿ ವೆನಿಸ್‌ನ ರಂಗಮಂದಿರಗಳನ್ನು ಆಕ್ರಮಿಸಿತು. 1737ರಲ್ಲಿ ಫೆರಾರಾ ನಗರದ ಕಾರ್ಡಿನಲ್, ಪೂಜೆ ಸಲ್ಲಿಸದ ಹಾಗೂ ಗಾಯಕಿಯೊಬ್ಬಳ ಸ್ನೇಹವಿರುವ ಈ ಪಾದ್ರಿ ತನ್ನ ಊರಿಗೆ ಕಾಲಿಡಕೂಡದೆಂದು ತಡೆದ. ಅಲ್ಲಿ ಗೀತನಾಟಕಗಳನ್ನು ಆಡಿಸುವ ಏರ್ಪಾಟಿನಲ್ಲಿದ್ದ ವಿವಾಲ್ಡಿಗೆ ಇದು ದೊಡ್ಡ ಪೆಟ್ಟು. 1739ರಲ್ಲಿ ವೆನಿಸ್‌ಗೆ ಬಂದ ಆ ಫ್ರೆಂಚ್ ಪ್ರವಾಸಿ, ಶಾರ್ಲ್ ದ ಬ್ರೋಸ್, ಊರವರು ಆತನಿಗೆ ಸಲ್ಲಬೇಕಾದಷ್ಟು ಮನ್ನಣೆ ಕೊಡುತ್ತಿಲ್ಲವೆಂದು ಅಚ್ಚರಿಪಟ್ಟ. ಮಾರನೆಯ ವರ್ಷ ವಿವಾಲ್ಡಿ ಕೈಲಿದ್ದ ಕೆಲವು ಕನ್ಸರ್ಟೊಗಳನ್ನು ಪಿಯೆತಾಕ್ಕೇ ಮಾರಿ ವಿಯೆನ್ನಾ ಕಡೆಗೆ ಹೊರಟ. ಚಕ್ರವರ್ತಿ 6ನೇ ಚಾರ್ಲ್ಸ್ ಹಿಂದೆ ಅವನನ್ನು ಮೆಚ್ಚಿದ್ದವನು. 1740ರ ಅಕ್ಟೋಬರಿನಲ್ಲಿ ಆ ಚಕ್ರವರ್ತಿಯೇ ತೀರಿಕೊಂಡ. 1741ರ ಜುಲೈ 28ರಂದು ವಿವಾಲ್ಡಿಯ ಶವ ವಿಯೆನ್ನಾದ ಆಸ್ಪತ್ರೆಯೊಂದರ ಸ್ಮಶಾನದಲ್ಲಿ ಕಡಿಮೆ ಖರ್ಚಿನಲ್ಲಿ ಮಣ್ಣಾಯಿತು. ಆ ಸ್ಮಶಾನವೂ ಈಗ ಇಲ್ಲ.

ಮನೆಯಲ್ಲಿ ಉಳಿದದ್ದು ಆತ ತನ್ನ ಬಳಕೆಗೆಂದು ಇಟ್ಟುಕೊಂಡಿದ್ದ ಹಸ್ತಪ್ರತಿಗಳ ಭಂಡಾರ. 1745ರ ಹೊತ್ತಿಗೆ ಅದು ವೆನಿಸ್‌ನ ಪುಸ್ತಕಪ್ರೇಮಿ ಯಾಕೊಪೊ ಸೊರಾಂತ್ಸೊನ ಕೈಯಲ್ಲಿತ್ತು. 27 ಸಂಪುಟಗಳಾಗಿ ಕಟ್ಟಲಾಗಿತ್ತು. ಅಲ್ಲಿಂದ ಮತ್ತೊಬ್ಬ ಸಂಗ್ರಾಹಕನಿಗೆ, ಆಮೇಲೆ ವೆನಿಸ್‌ನಲ್ಲಿ ಆಸ್ಟ್ರಿಯಾದ ರಾಯಭಾರಿಯಾಗಿದ್ದ ಜಿನೋವಾದ ಕುಲೀನ ಜಾಕೊಮೊ ದುರಾತ್ಸೊನಿಗೆ. ಆತನ ವಂಶದವರು ಮಾರಲಿಲ್ಲ, ತೆರೆದೂ ನೋಡಲಿಲ್ಲ. 1893ರಲ್ಲಿ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಾಗ ಹೊಲಮನೆಗಳಂತೆ ವಿವಾಲ್ಡಿಯೂ ಎರಡು ಪಾಲಾದ. ಒಂದು ಪಾಲು ಕೊನೆಗೆ ಬೋರ್ಗೊ ಸಾನ್ ಮಾರ್ತಿನೊ ಶಾಲೆಗೆ ಬಂದು ಬಿದ್ದಿತ್ತು.

ಈ ನಡುವೆ ವಿದ್ವಾಂಸರಿಗೆ ವಿವಾಲ್ಡಿಯ ನೆನಪು ತಂದುಕೊಟ್ಟವನು ಬಾಖ್. 1829ರಲ್ಲಿ ಬರ್ಲಿನ್ನಿನಲ್ಲಿ ಇಪ್ಪತ್ತರ ಹರೆಯದ ಮೆಂಡೆಲ್ಸನ್, ಬಾಖ್‌ನ ‘ಸಂತ ಮತ್ತಾಯನ ಶ್ರಮಚರಿತೆ’ಯನ್ನು ಪ್ರದರ್ಶಿಸಿದಾಗಿನಿಂದ ಬಾಖ್ ಬರೆದ ಒಂದೊಂದು ಚೂರನ್ನೂ ಜರ್ಮನರು ಹೆಕ್ಕತೊಡಗಿದರು. ಅಲ್ಲಿ ಸಿಕ್ಕಿದ್ದು ‘ವಿವಾಲ್ಡಿಯಿಂದ’ ಎಂಬ ಗುರುತುಳ್ಳ ರೂಪಾಂತರಗಳು. ಇಟಲಿಯ ಅಷ್ಟಕ್ಕಷ್ಟೇ ಸಂಗೀತಗಾರನೊಬ್ಬನ ಕಚ್ಚಾ ಸರಕನ್ನು ನಮ್ಮ ಮಹಾನುಭಾವ ಉದ್ಧರಿಸಿದ ಎಂಬುದು ಹಲವರ ತೀರ್ಮಾನವಾಗಿತ್ತು. ಒಂದು ಪ್ರಸಂಗವಂತೂ ನಗೆ ತರಿಸುತ್ತದೆ. ಬಾಖ್ ಆರ್ಗನ್ನಿಗೆ ಹೊಂದಿಸಿದ್ದ ವಿವಾಲ್ಡಿಯ ಕನ್ಸರ್ಟೊವೊಂದರ ಹಸ್ತಪ್ರತಿಯ ಮೇಲೆ ಬಾಖ್‌ನ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್ ತನ್ನ ಹೆಸರು ಹಾಕಿಕೊಂಡಿದ್ದ. 19ನೇ ಶತಮಾನದ ಉದ್ದಕ್ಕೂ ಅದನ್ನು ಮಗನದೆಂದೇ ಮೆಚ್ಚಿ ತಲೆದೂಗಿದರು. ಅಪ್ಪ ನಕಲು ಮಾಡಿದ್ದು, ಮಗ ಕದ್ದದ್ದು, ಮೂಲ ವೆನಿಸ್‌ನವನದು ಎಂದು ಬಯಲಾದದ್ದು 20ನೇ ಶತಮಾನದಲ್ಲಿ.

ಈಗ ಮತ್ತೆ ಟ್ಯೂರಿನ್‌ಗೆ. ಜೆಂತಿಲಿ ಅವರ ಮುಂದಿದ್ದ ನಿಧಿಯನ್ನು ಕೊಳ್ಳಲು ಗ್ರಂಥಾಲಯದಲ್ಲಿ ಹಣವಿರಲಿಲ್ಲ. ಸುದ್ದಿ ಹೊರಬಿದ್ದರೆ ಹಳೆಯ ಪುಸ್ತಕಗಳ ವ್ಯಾಪಾರಿಗಳು ಮುಗಿಬೀಳುವುದು ಖಂಡಿತ. ಆಗ ಮುಂದೆ ಬಂದವರು ರೊಬೆರ್ತೊ ಫೊಆ ಎಂಬ ಷೇರು ದಲ್ಲಾಳಿ. ಅವರು ಅದೇ ತಾನೆ ತಮ್ಮ ಎಳೆಯ ಮಗ ಮೌರೊನನ್ನು ಕಳೆದುಕೊಂಡಿದ್ದರು. ಮಗುವಿನ ನೆನಪಿಗಾಗಿ ಇಡೀ ಸಂಗ್ರಹವನ್ನು ಕೊಂಡು 1927ರಲ್ಲಿ ಗ್ರಂಥಾಲಯಕ್ಕೆ ಕೊಟ್ಟರು. ಅದರ ಹೆಸರು ‘ಮೌರೊ ಫೊಆ ಸಂಗ್ರಹ’.

ಸಂಪುಟಗಳನ್ನು ಕುಳಿತು ಪರಿಶೀಲಿಸುವಾಗ ಜೆಂತಿಲಿ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಇದು ಅರ್ಧ ಮಾತ್ರ, ಇದರ ಜೋಡಿ ಎಲ್ಲೋ ಇರಲೇಬೇಕು. ವಂಶಾವಳಿಯ ಜಾಡು ಹಿಡಿದು ಹೋದಾಗ ಜಿನೋವಾದಲ್ಲಿ ದುರಾತ್ಸೊ ಮನೆತನದ ವೃದ್ಧರೊಬ್ಬರ ಬಳಿ ಉಳಿದ ಪಾಲು ಇರುವುದು ಗೊತ್ತಾಯಿತು. ಯಜಮಾನರು ಸುಲಭಕ್ಕೆ ಬಗ್ಗುವವರಲ್ಲ. ಒಪ್ಪಿಸುವುದಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ಈ ಸಲ ಹಣ ಕೊಟ್ಟವರು ಜವಳಿ ಉದ್ಯಮಿ ಫಿಲಿಪ್ಪೊ ಜೋರ್ದಾನೊ. ಅವರಿಗೂ ರೆಂತ್ಸೊ ಎಂಬ ಚಿಕ್ಕ ಮಗ ತೀರಿಕೊಂಡಿದ್ದ! 1930ರಲ್ಲಿ ‘ರೆಂತ್ಸೊ ಜೋರ್ದಾನೊ ಸಂಗ್ರಹ’ವೂ ಗ್ರಂಥಾಲಯ ಸೇರಿತು. 14ಕ್ಕೆ 13 ಸೇರಿ 27 ಸಂಪುಟಗಳು, ಒಳಗೆ ಸುಮಾರು 450 ಕೃತಿಗಳು. ಅನಾಥ ಮಕ್ಕಳಿಗೆ ಕಲಿಸುತ್ತ ಬದುಕಿದವನ ಸಂಗೀತವನ್ನು ಮಕ್ಕಳನ್ನು ಕಳೆದುಕೊಂಡ ಇಬ್ಬರು ತಂದೆಯರು ಉಳಿಸಿಕೊಟ್ಟಂತಾಯಿತು. ಇಂದಿಗೂ ವಿದ್ವಾಂಸರು ಈ ಹಸ್ತಪ್ರತಿಗಳನ್ನು ಸೂಚಿಸುವಾಗ ಬಳಸುವುದು ‘ಫೊಆ’, ‘ಜೋರ್ದಾನೊ’ ಎಂಬ ಹೆಸರುಗಳನ್ನೇ.

ಇಷ್ಟಕ್ಕೆಲ್ಲ ಕಾರಣರಾದ ಜೆಂತಿಲಿ ಅವರಿಗೆ ಮಾತ್ರ ಇದರ ಫಲ ದಕ್ಕಲಿಲ್ಲ. ಅವರು ಯಹೂದಿ. 1938ರಲ್ಲಿ ಮುಸೊಲಿನಿ ಸರ್ಕಾರ ತಂದ ಜನಾಂಗೀಯ ಕಾನೂನುಗಳು ಯಹೂದಿ ಅಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿದವು. ಮಾರನೆಯ ವರ್ಷ ಸಿಯೆನಾ ನಗರದಲ್ಲಿ ‘ವಿವಾಲ್ಡಿ ಸಪ್ತಾಹ’ ನಡೆಯಿತು. ಸಾರಥ್ಯ ವಹಿಸಿದವರು ಸಂಗೀತಗಾರ ಅಲ್ಫ್ರೆದೊ ಕಾಸೆಲ್ಲಾ. ಜೊತೆಗೆ ಶ್ರಮಿಸಿದವರು ಪಿಟೀಲುವಾದಕಿ ಓಲ್ಗಾ ರಜ್ ಮತ್ತು ಅಮೆರಿಕದ ಕವಿ ಎಜ್ರಾ ಪೌಂಡ್. ಈ ಪೌಂಡ್ ಮುಸೊಲಿನಿಯ ಬಹಿರಂಗ ಅಭಿಮಾನಿ ಎಂಬುದನ್ನು ಗಮನಿಸಬೇಕು. ಇಂದು ಲೋಕವೆಲ್ಲ ಹಾಡುವ ‘ಗ್ಲೋರಿಯಾ’ ಮತ್ತೆ ಕೇಳಿಬಂದದ್ದು ಅಲ್ಲಿಯೇ. ಅದೇ 1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು.

ವಿವಾಲ್ಡಿಯ ಪುನರ್ಜನ್ಮ ನಿಜವಾಗಿ ಆದದ್ದು ಯುದ್ಧದ ನಂತರ. 1947ರಲ್ಲಿ ಸ್ಥಾಪನೆಯಾದ ಇಟಲಿಯ ವಿವಾಲ್ಡಿ ಸಂಸ್ಥೆ ಮಾಲಿಪಿಯೆರೊ ಅವರ ನೇತೃತ್ವದಲ್ಲಿ ಕೃತಿಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿತು. ಅದೇ ವರ್ಷ ಲೂಯಿ ಕಾಫ್ಮನ್ ನ್ಯೂಯಾರ್ಕಿನಲ್ಲಿ ‘ನಾಲ್ಕು ಋತುಗಳ’ ಧ್ವನಿಮುದ್ರಣ ಮಾಡಿದರು. ಆಮೇಲೆ ಬಂದ ದೀರ್ಘಾವಧಿಯ ರೆಕಾರ್ಡುಗಳ ಯುಗದಲ್ಲಿ ರೋಮಿನ ‘ಈ ಮೂಸಿಚಿ’ ತಂಡ ಆ ಕೃತಿಯನ್ನು ಮನೆಮನೆಗೆ ಮುಟ್ಟಿಸಿತು.

ಕಾಗದವೇನೋ ಸಿಕ್ಕಿತು, ನುಡಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಕೃತಿಯ ಸ್ವರಪ್ರಸ್ತಾರ ಕೈಯಲ್ಲಿದ್ದ ಮಾತ್ರಕ್ಕೆ ಗಮಕ ಬಂದುಬಿಡುವುದಿಲ್ಲ ಎಂಬುದನ್ನು ನಮ್ಮ ಕಡೆಯ ಸಂಗೀತಾಭ್ಯಾಸಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಬರೋಕ್ ಕಾಲದ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಹಾರ್ಪ್ಸಿಕಾರ್ಡ್ ನುಡಿಸುವವನಿಗೆ ಕೊಡುತ್ತಿದ್ದುದು ಕೆಳಸ್ಥಾಯಿಯ ಒಂದು ಸಾಲು, ಕೆಲವೊಮ್ಮೆ ಅದರ ಮೇಲೊಂದಿಷ್ಟು ಅಂಕಿಗಳು. ಉಳಿದದ್ದನ್ನು ಆತ ಸ್ಥಳದಲ್ಲೇ ತುಂಬಿಕೊಳ್ಳಬೇಕು. ನಿಧಾನಗತಿಯ ಭಾಗದಲ್ಲಿ ಪಿಟೀಲಿಗೆ ಬರೆದ ನಾಲ್ಕಾರು ಸ್ವರಗಳು ಬರಿಯ ಅಸ್ಥಿಪಂಜರ, ರಕ್ತಮಾಂಸ ವಾದಕನದು. ಆ ಸಂಪ್ರದಾಯದ ಎಳೆ ಕಡಿದುಹೋಗಿತ್ತು. ಆಸ್ಟ್ರಿಯಾದ ನಿಕೊಲಾಸ್ ಹಾರ್ನನ್‌ಕೂರ್ಟ್ 1953ರಲ್ಲಿ ಕಟ್ಟಿದಂಥ ತಂಡಗಳು 18ನೇ ಶತಮಾನದ ಬೋಧನಾ ಗ್ರಂಥಗಳನ್ನು ಓದಿ, ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳನ್ನು ಕಟ್ಟಿ, ಶ್ರುತಿ ಇಳಿಸಿ ಹುಡುಕಾಟ ನಡೆಸಿದವು. ಅವರು ನುಡಿಸಿದ ‘ಬೇಸಿಗೆ’ಯ ಬಿರುಗಾಳಿ ಕೇಳಿ, ರೋಮ್ ತಂಡದ ನಯಕ್ಕೆ ಒಗ್ಗಿದ್ದ ಕೆಲವರು ಕಿವಿ ಮುಚ್ಚಿಕೊಂಡರು. ಹಾಗೆಯೇ ಇತ್ತೆಂದು ಸಾಕ್ಷಿ ಹೇಳಲು ಪಿಯೆತಾದ ಹುಡುಗಿಯರಂತೂ ಬರುವುದಿಲ್ಲ.

ಹುಡುಕಾಟ ಇನ್ನೂ ಮುಗಿದಿಲ್ಲ. ಯುದ್ಧದಲ್ಲಿ ಕಾಣೆಯಾಗಿದ್ದ ಬರ್ಲಿನ್ನಿನ ಗಾಯನ ಸಂಸ್ಥೆಯೊಂದರ ಭಂಡಾರ 1999ರಲ್ಲಿ ಉಕ್ರೇನಿನ ಕೀವ್ ನಗರದಲ್ಲಿ ಪತ್ತೆಯಾಗಿ 2001ರಲ್ಲಿ ಜರ್ಮನಿಗೆ ಮರಳಿತು. ಅದರೊಳಗೆ 1733ರ ಗೀತನಾಟಕ ‘ಮೊತೆತ್ಸೂಮಾ’ದ ಸಂಗೀತವಿತ್ತು. ಮೆಕ್ಸಿಕೋದ ಅರಸನ ಕಥೆ ಅದು. 2005ರಲ್ಲಿ ಡ್ರೆಸ್ಡೆನ್ನಿನಲ್ಲಿ ಬೇರೊಬ್ಬ ವೆನಿಸ್ ಸಂಗೀತಗಾರನ ಹೆಸರಿನಲ್ಲಿದ್ದ ಚರ್ಚ್ ಗಾಯನವೊಂದು ವಿವಾಲ್ಡಿಯದೆಂದು ಗುರುತಾಯಿತು. 

ಭಾರತದವರಿಗೆ ಕುತೂಹಲ ತರುವಂಥದು 2010ರ ಸುದ್ದಿ. ವಿವಾಲ್ಡಿ ನಾಲ್ಕು ದೇಶಗಳ ಹೆಸರಿನಲ್ಲಿ ನಾಲ್ಕು ಕೊಳಲು ಕನ್ಸರ್ಟೊಗಳನ್ನು ಬರೆದಿದ್ದನೆಂಬುದು ಹಳೆಯ ಡಚ್ ಪುಸ್ತಕ ವ್ಯಾಪಾರಿಯೊಬ್ಬನ 1759ರ ಪಟ್ಟಿಯಿಂದ ಗೊತ್ತಿತ್ತು. ಫ್ರಾನ್ಸ್, ಸ್ಪೇನ್, ಇಂಗ್ಲೆಂಡ್. ನಾಲ್ಕನೆಯದು ‘ಮಹಾ ಮೊಗಲ’, ಅಂದರೆ ದಿಲ್ಲಿಯ ಬಾದಶಹರ ನಾಡು. ಆ ನಾಲ್ಕನೆಯದು ಎಡಿನ್‌ಬರೋದ ದಾಖಲೆಗಳ ಭಂಡಾರದಲ್ಲಿ, ಸ್ಕಾಟ್ಲೆಂಡಿನ ಕುಲೀನ ಮನೆತನವೊಂದರ ಕಾಗದಪತ್ರಗಳ ನಡುವೆ ಸಂಶೋಧಕ ಆಂಡ್ರ್ಯೂ ವೂಲಿ ಅವರ ಕಣ್ಣಿಗೆ ಬಿತ್ತು. ಅದನ್ನು ಅಲ್ಲಿಗೆ ತಂದವನು ಆ ಮನೆತನದ ಕೊಳಲುಪ್ರಿಯ ಯುವಕ ರಾಬರ್ಟ್ ಕರ್ ಇರಬೇಕೆಂಬುದು ಊಹೆ. ಆತ 1746ರ ಕಲೋಡನ್ ಯುದ್ಧದಲ್ಲಿ ಸತ್ತ. ಹೆಸರು ಮೊಗಲರದಾದರೂ ರಾಗ, ತಾಳ ಎಲ್ಲ ವೆನಿಸ್‌ನವೇ. ಎರಡನೆಯ ಪಿಟೀಲಿನ ಹಾಳೆ ಕಳೆದುಹೋಗಿದ್ದುದರಿಂದ ಅದನ್ನು ವೂಲಿ ಅವರು ಬೇರೆ ಪ್ರತಿಯೊಂದರ ನೆರವಿನಿಂದ ಪೂರ್ತಿಗೊಳಿಸಬೇಕಾಯಿತು. ಫ್ರಾನ್ಸ್, ಸ್ಪೇನ್, ಇಂಗ್ಲೆಂಡ್ ಹೆಸರಿನ ಉಳಿದ ಮೂರು ಇನ್ನೂ ಸಿಕ್ಕಿಲ್ಲ.